ನೆಗೆಣ್ಣಿಯ ತೇಗು

ನಮ್ಮ ನೆಗೆಣ್ಣಿ ತೇಗಿದರೆ ಸಂಪಗಾಂವದ ಮಂದಿ ಕೈಮುಗಿಯುತ್ತಿದ್ದರು. ಸುಳ್ಳಲ್ಲ! ನೆಗೆಣ್ಣಿ ಅಂದರೆ ನನ್ನ ಮೈದುನನ ಹೆಂಡತಿ. ಮನೆಗೆ ಕೇಬಲ್ ಟಿವಿ ಬಂದ ಹೊಸದರಲ್ಲಿ, ದೃಷ್ಟಿ ತೆಗೆಯುವುದರಲ್ಲಿ ಅವಳ ಹೆಸರು ರಾಮದುರ್ಗದವರೆಗೂ ಹೋಗಿತ್ತು. ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ನಿವಾಳಿಸುವಾಗ ತೆಗೆಯುವವರಿಗೆ ತೇಗು ಬರಬೇಕು. ಎಷ್ಟು ತೇಗೋ ಅಷ್ಟು ದೃಷ್ಟಿ ಇಳಿಯಿತು ಅಂತ ನಮ್ಮ ಕಡೆ ನಂಬಿಕೆ. ಬೇರೆಯವರಿಗೆ ಒಂದೋ ಎರಡೋ ಬರುತ್ತದೆ. ಇವಳು? ತೇಗಿನ ಗಿರಣಿ!

ನಾನು ಇದನ್ನೆಲ್ಲ ನಂಬುವವಳಲ್ಲ. ಊಟದ ಮೇಲೆ ಆರು ಮಿರ್ಚಿ ಭಜಿ ತಿಂದು, ಚಹಾ ಕುಡಿದು, ಟಿವಿ ಮುಂದೆ ಅಡ್ಡಾಗುವವಳಿಗೆ ತೇಗು ಬರದೆ ಇನ್ನೇನು ಬರಬೇಕು?

ಒಮ್ಮೆ ಹೂಲಿಯಿಂದ ಒಬ್ಬ ಹೊಸ ಟ್ರ್ಯಾಕ್ಟರ್ ತಂದು ಬಾಗಿಲಿಗೆ ನಿಲ್ಲಿಸಿದ. ಅದಕ್ಕೆ ಒಂದು ಸುತ್ತು ನಿವಾಳಿಸುವಷ್ಟರಲ್ಲಿ ಇವಳಿಗೆ ಒಂಬತ್ತು ತೇಗು! ಅವನ ಮುಖ ಬಾಡಿತು.

“ಅವ್ವಾರ, ಇಷ್ಟ ಮಂದಿ ಕಣ್ಣ ಬಿದ್ದೈತೇನ್ರಿ?”

“ಊರಿಗೂರ ಬಿದ್ದೈತಿ. ಎಂಟ ದಿನಾ ಹೊರಗ ತಗೀಬ್ಯಾಡ.”

ಟ್ರ್ಯಾಕ್ಟರ್ ಇದ್ದವನು ಎಂಟು ದಿನ ಬೀಗರ ಎತ್ತು ತಂದು ಹೊಲ ಹೂಡಿದ!

ಬರಬರುತ್ತ ಅವಳಿಗೆ ಎದೆ ಉರಿ, ಬಾಯಿಗೆ ಹುಳಿನೀರು, ಬಿಡದ ಒಣಕೆಮ್ಮು ಹತ್ತಿಕೊಂಡವು. ಬೆಳಗ್ಗೆ ಎದ್ದರೆ ಗಂಡಸಿನ ದನಿ. ಹಾಲಿನವನು ಬಾಗಿಲಾಚೆಯಿಂದಲೇ “ಆತ್ರಿ ಕಾಕಾ” ಅಂದುಬಿಟ್ಟ! ಅವಳನ್ನು ಎಳೆದುಕೊಂಡು ಬೈಲಹೊಂಗಲದ ಡಾಕ್ಟರ ಹತ್ತಿರ ಹೋದೆ.

“ಎದಿ ಯಾವಾಗ ಉರಿತೈತ್ರಿ?” ಅಂದರು ಡಾಕ್ಟರು.

“ಮಂದಿ ದೃಷ್ಟಿ ನನ್ನೊಳಗ ಬಂದಾಗ್ರಿ.”

“ಅದು ಯಾವಾಗ ಬರತೈತಿ?”

“ಮಿರ್ಚಿ ತಿಂದ ಮಕ್ಕೊಂಡಾಗ್ರಿ,” ಅಂದೆ ನಾನು.

ಡಾಕ್ಟರು ನಕ್ಕರು. ಹೊಟ್ಟೆಯ ಹುಳಿ ಮೇಲಕ್ಕೆ ಹತ್ತುತ್ತಿದೆ, ಹಾಗೇ ಬಿಟ್ಟರೆ ಅನ್ನನಾಳ ಸುಟ್ಟು ಹುಣ್ಣಾಗುತ್ತದೆ ಅಂದರು. ಬೆಳಗ್ಗೆ ಖಾಲಿ ಹೊಟ್ಟೆಗೆ ಗುಳಿಗೆ ನುಂಗಬೇಕು, ಉಂಡ ಕೂಡಲೇ ಮಲಗಬಾರದು, ಮಂಚದ ತಲೆಕಡೆಯ ಕಾಲಿಗೆ ಇಟ್ಟಂಗಿ ಕೊಟ್ಟು ಎತ್ತರಿಸಬೇಕು. ಮಿರ್ಚಿ ಬಂದ್!

ಹದಿನೈದು ದಿನದಲ್ಲಿ ಉರಿ ಹೋಯಿತು. ತೇಗೂ ಹೋಯಿತು! ರಾಮದುರ್ಗದಿಂದ ಒಬ್ಬಳು ಉಣ್ಣದ ಕೂಸನ್ನು ಎತ್ತಿಕೊಂಡು ಬಂದಳು. ಇವಳು ಇಪ್ಪತ್ತೊಂದು ಸಲ ನಿವಾಳಿಸಿದಳು, ಒಂದು ತೇಗಿಲ್ಲ. ಕೊನೆಗೆ ಕೂಸೇ ತೇಗಿತು! “ಇವರ ಕೈಯಾಗಿನ ದೇವರ ಹೋತ ಬಿಡ್ರಿ,” ಅನ್ನುತ್ತ ಕೂಸಿನ ತಾಯಿ ಎದ್ದುಹೋದಳು. ಮಂದಿ ಹಿಂದಿನ ಓಣಿಯ ಮುದುಕಿಯ ಕಡೆ ತಿರುಗಿದರು. ನಮ್ಮವಳು ಎರಡು ದಿನ ಟಿವಿಯನ್ನೂ ಹಚ್ಚಲಿಲ್ಲ.

ಆಮೇಲೆ ತೇಗು ಮತ್ತೆ ಬಂತು. ಹೇಗೆ ಬಂತು? ನಾನು ಪೆದ್ದಿ, ತಿಂಗಳುಗಟ್ಟಲೆ ತಿಳಿಯಲಿಲ್ಲ. ಒಂದು ದಿನ ಜೋಳದ ಡಬ್ಬಿಗೆ ಕೈ ಹಾಕಿದರೆ ಇವಳು ನುಂಗದೆ ಬಚ್ಚಿಟ್ಟ ಗುಳಿಗೆಗಳೆಲ್ಲ ಅಲ್ಲೇ! ಅಷ್ಟರಲ್ಲಿ ರೊಟ್ಟಿ ಅವಳ ಗಂಟಲು ದಾಟುತ್ತಿರಲಿಲ್ಲ. ಹಾಲಿನಲ್ಲಿ ನೆನೆಸಿದರೂ ಎದೆಯಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕೈಬಳೆ ಮೊಣಕೈವರೆಗೆ ಜಾರುತ್ತಿದ್ದವು. “ಬೆಳಗಾವಿಗೆ ಹೋಗಿ ಬಾಯಿಂದ ಪೈಪ್ ಇಳಿಸಿ ನೋಡಾಕಬೇಕ್ರಿ, ತಡಾ ಮಾಡಬ್ಯಾಡ್ರಿ,” ಅಂದರು ಡಾಕ್ಟರು. ಈ ಸಲ ನಗಲಿಲ್ಲ.

ಹೋಗುವ ದಿನ ಇವಳು ಪಡಸಾಲೆಯ ಕಂಬ ಹಿಡಿದು ಕುಳಿತಳು. “ನಾ ಒಲ್ಲೆ.”

“ಸಾಯಾಕಿ ಅದಿಯೇನ?”

“ಊರ ಮಂದೀದೆಲ್ಲಾ ದೃಷ್ಟಿ ನಾ ತಗದೇನಿ. ನಂದ ಯಾರ ತಗದಾರ ಅಕ್ಕಾ? ಅದೆಲ್ಲಾ ಗಂಟಲದಾಗ ಕುಂತೈತಿ.”

ಈಗೇನು ಮಾಡುವುದು? ನಂಬದವಳಿಗೆ ತೇಗು ಎಲ್ಲಿಂದ ಬರಬೇಕು? ಬಸ್ ನಿಲ್ಲುವಲ್ಲಿನ ಅಂಗಡಿಗೆ ಹೋದೆ. ಜನ್ಮದಲ್ಲಿ ಮುಟ್ಟದ ಗೋಲಿ ಸೋಡಾ ಎರಡು ಬಾಟಲಿ ಗಟಗಟ ಏರಿಸಿ, ಬಾಯಿ ಬಿಗಿಹಿಡಿದು ಮನೆಗೆ ಓಡಿದೆ. ಉಪ್ಪು, ಮೆಣಸಿನಕಾಯಿ ಹಿಡಿದು ಅವಳಿಗೆ ನಿವಾಳಿಸಿದೆ. ಹನ್ನೊಂದು ತೇಗು! ಒಲೆ ಮುಂದಿನ ಬೆಕ್ಕು ಎದ್ದು ಓಡಿತು.

ಅವಳು ಬೆರಳು ಮಡಚಿ ಎಣಿಸಿದಳು. ಕಂಬ ಬಿಟ್ಟು ಎದ್ದಳು. “ನಡಿ ಅಕ್ಕಾ.”

ಪೈಪಿನಲ್ಲಿ ಕಂಡದ್ದು ಹುಣ್ಣು. ಕೆಟ್ಟದ್ದಲ್ಲ, ಗುಳಿಗೆ ತಪ್ಪಿಸದಿದ್ದರೆ ಮಾಯುತ್ತದೆ ಅಂದರು. ತಿರುಗಿ ಬರುವ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ನಿದ್ದೆ ಹತ್ತಿರಬೇಕು ಅಂದುಕೊಂಡೆ.

“ಅಕ್ಕಾ, ಸೋಡಾಕ್ಕ ನಿಂಬಿಹಣ್ಣ ಹಿಂಡಿಸಿದ್ದಿಯೇನ?”

ನಾನು ತಿರುಗಿ ಅವಳ ಮುಖ ನೋಡಿದೆ. “ಗೊತ್ತಿದ್ದೂ ಯಾಕ ಬಂದಿ?”

“ನೀ ಕುಡದಿಯಲ್ಲ, ಅದಕ.”