ಒಂದೇ ಎತ್ತಿಗೆ ಮೂಗುದಾರ

ಆರಿಸಿ ತರುವ ವಿದ್ಯೆಯಲ್ಲಿ ತನ್ನನ್ನು ಮೀರಿಸುವವರು ರಾಯಚೂರಿನಲ್ಲೇ ಇಲ್ಲ ಎಂಬುದು ಅಂಬರೀಶನ ನಂಬಿಕೆ. ಬೆಂಡೆಕಾಯಿಯ ತುದಿ ಮುರಿದು, ಕಲ್ಲಂಗಡಿಯ ಹೊಟ್ಟೆ ತಟ್ಟಿ, ಅಂಗಡಿಯವರ ತಾಳ್ಮೆಯನ್ನೂ ಪರೀಕ್ಷಿಸಿಯೇ ಅವನು ಚೀಲ ತುಂಬುತ್ತಿದ್ದ. (ಮನೆಗೆ ತಂದ ಕಲ್ಲಂಗಡಿ ಒಳಗೆ ಬೆಳ್ಳಗಿದ್ದರೆ ಅದು ಹಣ್ಣಿನ ತಪ್ಪು.) ಅವನಪ್ಪ ಯಮನೂರಪ್ಪ ಬಂಡಿ ಹೊಡೆದವನು, ದೇವದುರ್ಗದ ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ ಗುಣ ಹೇಳುತ್ತಿದ್ದವನು. ಆ ಕಣ್ಣು ಮಗನಿಗೂ ಬಂದಿದೆ ಎಂದು ಮಗನೇ ಹೇಳಿಕೊಳ್ಳಬೇಕಾಗಿತ್ತು, ಬೇರೆ ಯಾರೂ ಹೇಳುತ್ತಿರಲಿಲ್ಲ.

ಹೆಂಡತಿ ಶಶಿಕಲಾ ಮಸರಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೋದ ವರ್ಷ ಜಿಲ್ಲಾ ಸ್ಪರ್ಧೆಯಲ್ಲಿ ಅವಳ ಹುಡುಗಿಯರು ಮಾಡಿದ ಪುಟ್ಟ ರೋಬೋ ಕಾರು ಅರ್ಧ ದಾರಿ ನೆಟ್ಟಗೆ ಹೋಗಿ, ಆಮೇಲೆ ಮನಸ್ಸು ಬದಲಿಸಿ, ತೀರ್ಪುಗಾರರ ಚಹಾದ ಮೇಜಿಗೆ ಹಾಯ್ದಿತ್ತು. ಅಂದಿನಿಂದ ಸ್ಟಾಫ್ ರೂಮಿಗೆ ಅವಳು ಕಾಲಿಟ್ಟರೆ ಎಲ್ಲರೂ ತಮ್ಮ ಕಪ್ಪುಗಳನ್ನು ಎತ್ತಿ ಹಿಡಿಯುತ್ತಿದ್ದರು. ಈ ಸಲ ಸೋಮವಾರ ಮತ್ತೆ ಸ್ಪರ್ಧೆ. ಕಾರು ಹದಿನಾರು ಅಡಿ ನೇರ ಹೋಗಿ ಚೌಕದೊಳಗೆ ನಿಲ್ಲಲೇಬೇಕು.

ಅದಕ್ಕೆ ಬೇಕಾದದ್ದು ಎರಡು ಗೇರ್ ಮೋಟಾರು, ಎರಡಕ್ಕೂ ಎನ್‌ಕೋಡರ್. ಎನ್‌ಕೋಡರ್ ಅಂದರೆ ಮೋಟಾರಿನ ಬೆನ್ನಿಗಿರುವ ಸಣ್ಣ ಬಿಲ್ಲೆ. ಗಾಲಿ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ಕಾರಿನ ಬೋರ್ಡಿಗೆ ವರದಿ ಒಪ್ಪಿಸುವುದು ಅದರ ಕೆಲಸ. ಮಸರಕಲ್ಲಿನಿಂದ ಬಸ್ಸು ಬರುವಷ್ಟರಲ್ಲಿ ಸೈಫುದ್ದೀನನ ಎಲೆಕ್ಟ್ರಾನಿಕ್ಸ್ ಅಂಗಡಿ ಮುಚ್ಚಿರುತ್ತಿತ್ತು. ಆದ್ದರಿಂದ ಶನಿವಾರ ಆ ಕೆಲಸ ಯರಗೇರಾದ ಯುನಿವರ್ಸಿಟಿ ಆಫೀಸಿನಲ್ಲಿ ಗುಮಾಸ್ತನಾಗಿದ್ದ ಅಂಬರೀಶನ ಪಾಲಿಗೆ ಬಂತು. ಶಶಿಕಲಾ ಚೀಟಿ ಬರೆದು ಅವನ ಅಂಗಿಯ ಜೇಬಿಗಿಟ್ಟಳು.

"ಎರಡೂ ಒಂದೇ ನಮೂನಿ ಇರಬೇಕ್ರಿ. ಚೀಟಿ ಕೊಡ್ರಿ, ಕೊಟ್ಟಿದ್ದು ತಗೊಂಡ ಬರ್ರಿ. ನಡುವ ತಲಿ ಓಡಿಸಬ್ಯಾಡ್ರಿ."

ಅಂಗಡಿಯಲ್ಲಿ ಅಂಬರೀಶ ಮೋಟಾರುಗಳನ್ನು ತಟ್ಟಿದ, ಕಿವಿಗೆ ಹಚ್ಚಿದ, ಮೂಸಿಯೂ ನೋಡಿದ. ಹಲ್ಲು ನೋಡೋಣವೆಂದರೆ ಅವು ಗೇರಿನ ಡಬ್ಬಿಯೊಳಗೆ ಅಡಗಿದ್ದವು. ಸಾದಾ ಮೋಟಾರಿಗೆ ಎರಡೇ ವೈರು, ಎನ್‌ಕೋಡರಿನದಕ್ಕೆ ಆರು. ಆಗಲೇ ಅವನಿಗೆ ಜ್ಞಾನೋದಯವಾಯಿತು. ಎರಡೂ ಒಂದೇ ಕಾರಿನ ಗಾಲಿ; ಒಂದು ಗಾಲಿ ಅಡಿಯಷ್ಟು ಮುಂದೆ ಹೋದರೆ ಇನ್ನೊಂದು ಅದನ್ನು ಬಿಟ್ಟು ಎಲ್ಲಿಗೆ ಹೋದೀತು? ಗಂಡಹೆಂಡತಿ ಕೂಡಿ ಮಾನ್ವಿಗೆ ಹೋಗಿ ಬಂದರೆ ಎಷ್ಟು ದೂರವಾಯಿತೆಂದು ಇಬ್ಬರನ್ನೂ ಬೇರೆ ಬೇರೆ ಕೇಳುತ್ತಾರೆಯೇ? ಅವನು ಎನ್‌ಕೋಡರ್ ಇದ್ದದ್ದೊಂದು, ಸಾದಾ ಒಂದು ಆರಿಸಿದ.

ಮೇಡಂ ಎರಡೂ ಎನ್‌ಕೋಡರಿನವೇ ಬರೆದಿದ್ದಾರಲ್ಲ ಎಂದು ಸೈಫುದ್ದೀನ್ ಮೆಲ್ಲಗೆ ನೆನಪಿಸಿದ.

"ಮೇಡಂಗ ಎಲ್ಲಾದರಾಗೂ ಲೆಕ್ಕ ಜಾಸ್ತಿ ಬೇಕ್ರಿ," ಅಂದ ಅಂಬರೀಶ. "ಮನ್ಯಾಗೂ ಹಂಗ." ಸೈಫುದ್ದೀನ್ ಪೊಟ್ಟಣ ಕಟ್ಟಿಕೊಟ್ಟ.

ಭಾನುವಾರ ಬೆಳಿಗ್ಗೆ ಶಶಿಕಲಾ ಪೊಟ್ಟಣ ಬಿಚ್ಚಿ ಎರಡೂ ಮೋಟಾರನ್ನು ನೋಡಿದಳು, ಗಂಡನನ್ನು ನೋಡಿದಳು, ಶಾಲೆಯಿಂದ ತಂದಿದ್ದ ಕಾರಿಗೆ ಅವನ್ನು ಜೋಡಿಸಿ ಪಡಸಾಲೆಯಲ್ಲಿ ಬಿಟ್ಟಳು. ಅದು ನಾಲ್ಕು ಗೇಣು ಹೋಗಿ ಹೊರಳಿ, ಜೋಳ ಹಸನು ಮಾಡುತ್ತ ಕೂತಿದ್ದ ಅತ್ತೆ ಮೂಕಮ್ಮನ ಸುತ್ತ ಪ್ರದಕ್ಷಿಣೆ ಹಾಕತೊಡಗಿತು. ಒಂದು ಸುತ್ತು, ಎರಡು ಸುತ್ತು. ಮೂರನೆಯದಕ್ಕೆ ಮೂಕಮ್ಮ ಮೊರ ಎತ್ತಿ ಹಿಡಿದು, ತಾನು ಇನ್ನೂ ಬದುಕಿದ್ದೇನೆ, ಇಷ್ಟು ಬೇಗ ದೇವರು ಮಾಡಬೇಡಿ ಅಂದಳು.

ಬಿಲ್ಲೆಯಿಲ್ಲದ ಗಾಲಿಯಿಂದ ಲೆಕ್ಕವೇ ಬರುವುದಿಲ್ಲ, ಅದು ನಿಂತೇ ಇದೆ ಎಂದುಕೊಂಡು ಬೋರ್ಡು ಅದನ್ನೇ ಇನ್ನಷ್ಟು ಓಡಿಸುತ್ತದೆ ಎಂದು ಶಶಿಕಲಾ ಬಿಡಿಸಿ ಹೇಳಿದಳು. ಅಷ್ಟೇ, ಬೈಯಲಿಲ್ಲ. ಹದಿನಾಲ್ಕು ವರ್ಷದ ಸಂಸಾರದಲ್ಲಿ ಬೈಗುಳ ತಪ್ಪಿದ್ದು ಇದೇ ಮೊದಲು, ಅಂಬರೀಶನಿಗೆ ನಿಜಕ್ಕೂ ಹೆದರಿಕೆಯಾಯಿತು. ಮೂರು ತಿಂಗಳು ಶಾಲೆ ಬಿಟ್ಟ ಮೇಲೂ ಕೂತು ಕಾರು ಕಟ್ಟಿದ ಹುಡುಗಿಯರು ನೆನಪಾದರು, ಆ ಚಹಾದ ಮೇಜು ನೆನಪಾಯಿತು. ನಾಚಿಕೆಯಿಂದ ಅವನ ತಲೆ ತಗ್ಗಿತು.

ಸೊಸೆ ಹೇಳಿದ್ದನ್ನೆಲ್ಲ ಕೇಳಿಸಿಕೊಂಡ ಮೂಕಮ್ಮ ಮೊರ ಕೆಳಗಿಟ್ಟಳು.

"ಒಂದೆತ್ತಿಗಿ ಮೂಗುದಾರ ಹಾಕಿ ಇನ್ನೊಂದನ್ನ ಖಾಲಿ ಮೂಗಿಲೆ ಬಿಟ್ರ ಬಂಡಿ ನೆಟ್ಟಗ ಹೋಗ್ತದೇನ್ಲೇ? ಬಂಡಿ ಹೊಡದವನ ಮಗ ಅಂತ ಊರಾಗ ಹೇಳಬ್ಯಾಡ, ನಿಮ್ಮಪ್ಪನ ಮರ್ಯಾದಿ ಹೋಗ್ತದ."

ಅಂಬರೀಶ ಸಾದಾ ಮೋಟಾರು ಕಿತ್ತುಕೊಂಡು ಚಪ್ಪಲಿ ಮೆಟ್ಟಿದ. ಅಂಗಡಿ ಭಾನುವಾರ ಮಧ್ಯಾಹ್ನದವರೆಗೆ ಮಾತ್ರ. ಅವನು ಬಾಯಿ ತೆರೆಯುವ ಮೊದಲೇ ಸೈಫುದ್ದೀನ್ ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಒಂದು ಪೊಟ್ಟಣ ತೆಗೆದು ಮುಂದಿಟ್ಟ. ಒಳಗೆ ಎನ್‌ಕೋಡರಿನ ಮೋಟಾರು, ಅದೇ ನಮೂನೆಯದು.

"ನಿನ್ನಿ ನೀವು ಬರೋಕಿಂತ ಮೊದಲೇ ಮೇಡಂ ಫೋನ್ ಹಚ್ಚಿದ್ರು ಸರ್. ನಮ್ಮ ಮನಿಯವರು ಏನರ ಒಂದು ಬಿಟ್ಟು ಬರ್ತಾರ, ಅವರು ಬಿಟ್ಟಿದ್ದನ್ನ ಯಾರಿಗೂ ಕೊಡದಂಗ ತೆಗೆದಿಡ್ರಿ ಅಂದ್ರು."

ಬೈಗುಳ ಯಾಕೆ ಬರಲಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

ಸೋಮವಾರ ಕಾರು ಹದಿನಾರು ಅಡಿ ನೂಲು ಹಿಡಿದಂತೆ ಹೋಗಿ ಚೌಕದ ನಡುವೆ ನಿಂತಿತು. ತೀರ್ಪುಗಾರರು ಮುನ್ನೆಚ್ಚರಿಕೆಯಾಗಿ ಚಹಾವನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಹುಡುಗಿಯರು ಕುಣಿದಾಡಿದರು, ಶಶಿಕಲಾ ಕಣ್ಣೊರೆಸಿಕೊಂಡಳು. ಮಕ್ಕಳಿಗೆ ಕಲ್ಲಂಗಡಿ ಕೊಡಿಸುವ ಉಮೇದು ಬಂದು, ರಜೆ ಹಾಕಿ ನೋಡಲು ಬಂದಿದ್ದ ಅಂಬರೀಶ ಹೊರಗೆ ಓಡಿದ.

ಗೇಟಿನ ಬಳಿ ಹಣ್ಣು ಮಾರುವ ಹಂಪಮ್ಮ ಕೂತಿದ್ದಳು. ಅವನು ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮೊದಲ ಹಣ್ಣಿನ ಹೊಟ್ಟೆ ತಟ್ಟಲು ಕೈ ಎತ್ತಿದ.

"ತಟ್ಟಬ್ಯಾಡ್ರಿ," ಎಂದು ಹಂಪಮ್ಮ ಹಿಂದಿನಿಂದ ಎರಡು ಹಣ್ಣು ತೆಗೆದು ಅವನ ಕೈಗಿಟ್ಟಳು. "ಮುಂಜಾನೇನ ಟೀಚರಮ್ಮ ಬಂದು ಆರಿಸಿಟ್ಟು ಹೋಗ್ಯಾಳ."