ರೇಣುಕಪ್ರಸಾದನ ನಾಲ್ಕು ಸಾಲಿನ ಕೋಡು

ಹೊನ್ನಾಳಿಯ ರೇಣುಕಪ್ರಸಾದ ಕೆಟ್ಟದ್ದು ನಾಲ್ಕು ಸಾಲಿನಿಂದ. ಪದ್ಯದ ಸಾಲುಗಳಾಗಿದ್ದರೆ ಯಾರೂ ಓದದೆ ಬಚಾವಾಗುತ್ತಿದ್ದ. ಇವು ಕಂಪ್ಯೂಟರ್ ಕೋಡಿನ ಸಾಲುಗಳು.

ವಾರದ ಆರು ದಿನ ಅವನು ಪಿಯು ಕಾಲೇಜಿನ ಫಿಸಿಕ್ಸ್ ಲ್ಯಾಬಿನ ಸಹಾಯಕ. ಏಳನೆಯ ದಿನ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವನು. ತಾರಸಿಯ ಮೇಲೆ ಬಟ್ಟೆ ಒಣಹಾಕುವ ತಂತಿಗಿಂತ ಉದ್ದದ ಆಂಟೆನಾ ಕಟ್ಟಿಕೊಂಡು, ಮುಖ ಕಾಣದ ದೂರದೂರಿನವರೊಂದಿಗೆ ಮಳೆ ಬಿಸಿಲಿನ ಬಗ್ಗೆ ಗಂಟೆಗಟ್ಟಲೆ ಮಾತಾಡುವುದು ಅವನ ಪರಮಸುಖ. ಪಕ್ಕದ ಮನೆಯವರು ಅದೇ ಮಳೆಯ ಬಗ್ಗೆ ಎರಡು ಮಾತಾಡಿಸಿದರೆ ಮಾತ್ರ ತಲೆನೋವು.

ಇಂಥ ರೇಡಿಯೊ ಸೆಟ್ಟುಗಳನ್ನು ಕಂಪ್ಯೂಟರಿನಿಂದ ನಡೆಸಲು ಕೋಡಿನ ಭಂಡಾರವೊಂದಿದೆ. ಲೋಕದ ಮೂಲೆಮೂಲೆಯ ಹವ್ಯಾಸಿಗಳು ಸೇರಿ ಬರೆದು ಬಿಟ್ಟಿಯಾಗಿ ಹಂಚುವಂಥದ್ದು, ಹೆಸರು 'ಲೈಬ್ರರಿ'. ಯಾರು ಬೇಕಾದರೂ ತಿದ್ದಿ ಕಳಿಸಬಹುದು. ಒಪ್ಪಿಗೆಯಾದರೆ ತಿದ್ದಿದವರ ಹೆಸರು ಪಟ್ಟಿಗೆ ಸೇರುತ್ತದೆ. ರೇಣುಕಪ್ರಸಾದನ ಹಳೆಯ ಮಾದರಿಯ ಸೆಟ್ಟಿಗೆ ಈ ಕೋಡಿನಲ್ಲೊಂದು ದೋಷವಿತ್ತು: ನಿಲ್ಲಿಸು ಎಂದರೂ ಸೆಟ್ಟು ಪ್ರಸಾರ ನಿಲ್ಲಿಸುತ್ತಿರಲಿಲ್ಲ. ಪರದೆ ಮಾತ್ರ 'ನಿಂತಿದೆ' ಎಂದು ಸುಳ್ಳು ಹೇಳುತ್ತಿತ್ತು. ಸೆಟ್ಟಿನ ಕೆಂಪು ದೀಪ ಯಾವ ಕಾಲದಲ್ಲೋ ಸುಟ್ಟುಹೋಗಿದ್ದರಿಂದ, ನಿಜ ತಿಳಿಯಬೇಕಾದರೆ ಅದರ ಬೆನ್ನು ಮುಟ್ಟಿ ನೋಡಬೇಕು. ಪ್ರಸಾರ ನಡೆಯುತ್ತಿದ್ದರೆ ದೋಸೆ ಹೆಂಚಿನಂತೆ ಕಾದಿರುತ್ತಿತ್ತು.

ಈ ರೋಗಕ್ಕೆ ನಾಲ್ಕು ಸಾಲಿನ ಮದ್ದು ಬರೆದು ಕಳಿಸಿದ ರೇಣುಕಪ್ರಸಾದ, ಒಪ್ಪಿಗೆ ಬರುವ ಮೊದಲೇ ಸ್ಟಾಫ್ ರೂಮಿನಲ್ಲಿ ತನ್ನನ್ನು ತಾನೇ ಅಭಿನಂದಿಸಿಕೊಂಡಿದ್ದ. ಪ್ರಿನ್ಸಿಪಾಲರು ಅವನಿಗೆ ಶಾಲು ಹೊದಿಸುವ ಬಗ್ಗೆಯೂ ಯೋಚಿಸುತ್ತಿದ್ದರು.

ಹಳೆಯ ಸೆಟ್ಟುಗಳ ವಿಭಾಗವನ್ನು ನೋಡಿಕೊಳ್ಳುತ್ತಿದ್ದವರು ಚಿಕ್ ಎಚ್. ಎಂಬುವರು. ಹಿಮ ಸುರಿಯುವ ದೇಶದಲ್ಲಿ ಮರದ ಮನೆ, ಬಾಯಲ್ಲಿ ಪೈಪು, ಕಾಲ ಬಳಿ ದೊಡ್ಡ ನಾಯಿ — ರೇಣುಕಪ್ರಸಾದನ ಕಲ್ಪನೆಯಲ್ಲಿ ಚಿಕ್ ಸಾಹೇಬರು ಹೀಗಿದ್ದರು. ಅವರಿಗೆ ಬರೆಯುವಾಗಲೆಲ್ಲ 'ಮೋಸ್ಟ್ ರೆಸ್ಪೆಕ್ಟೆಡ್ ಸರ್' ಎಂದೇ ಶುರುಮಾಡುತ್ತಿದ್ದ. ಆ ಭಾನುವಾರ ಬೆಳಿಗ್ಗೆ ಸಾಹೇಬರಿಂದ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬಂತು. 'ನಿಜವಾದ ಸೆಟ್ಟಿನ ಮೇಲೆ ಪರೀಕ್ಷಿಸಿ ಫಲಿತಾಂಶ ತಿಳಿಸಿ. ನಿಮ್ಮ ಸಮಯದ ಐದು ಗಂಟೆಯೊಳಗೆ. ಆಮೇಲೆ ನಾನು ಪ್ರಯಾಣದಲ್ಲಿರುತ್ತೇನೆ.'

'ವಿಮಾನ ಹತ್ತುತ್ತಾರೆ' ಎಂದುಕೊಂಡ ರೇಣುಕಪ್ರಸಾದ ರೇಡಿಯೊದ ಮೈಕಿನ ಮುಂದೆ ಕೂತ.

ಅವತ್ತೇ ಪಕ್ಕದ ಮನೆಯ ಅನ್ನಪೂರ್ಣಮ್ಮನವರ ಮೊಮ್ಮಗಳ ನಾಮಕರಣ. ರಸ್ತೆಗೆ ಅಡ್ಡ ಶಾಮಿಯಾನ. ಸೌಂಡ್ ಸಿಸ್ಟಂನ ಖಲೀಲ್ ಮುಂಜಾನೆಯೇ ಬಂದು ಆಳೆತ್ತರದ ಬಾಕ್ಸುಗಳನ್ನು ರೇಣುಕಪ್ರಸಾದನ ಕಾಂಪೌಂಡಿಗೆ ಆನಿಸಿ ನಿಲ್ಲಿಸಿದ್ದ.

"ತೊಟ್ಲಿಗೆ ಹಾಕೋ ಹೊತ್ತಿಗಾದ್ರೂ ಬರ್ರಿ, ಚೆಂದ ಕಾಣಲ್ಲ," ಎಂದಳು ಹೆಂಡತಿ ಶಾಂತಲಾ, ಉಡುಗೊರೆಯ ಪೊಟ್ಟಣ ಹಿಡಿದು.

"ನಾನಿಲ್ಲಿ ಜಗತ್ತಿನ ಕೆಲ್ಸ ಮಾಡಾಕೆ ಕುಂತೀನಿ, ನೀನು ತೊಟ್ಲು ತೂಗಾಕೆ ಕರೀತೀಯಲ್ಲೇ!" ಎಂದು ಕಿಟಕಿ ಬಾಗಿಲು ಭದ್ರಪಡಿಸಿ, ಕಿವಿಗೆ ಹೆಡ್‌ಫೋನ್ ಏರಿಸಿದ. ಇನ್ನು ಹೊರಗೆ ಸಿಡಿಲು ಬಡಿದರೂ ಅವನಿಗೆ ಕೇಳುವಂತಿರಲಿಲ್ಲ.

ಮೊದಲ ಪರೀಕ್ಷೆ ನಡೆಯಿತು. ಪ್ರಸಾರ ಶುರುಮಾಡಿದ, ನಿಲ್ಲಿಸಿದ. ಪರದೆ 'ನಿಂತಿದೆ' ಎಂದಿತು. ಹತ್ತು ನಿಮಿಷ ಕಾದು ಸೆಟ್ಟಿನ ಬೆನ್ನು ಮುಟ್ಟಿದ. ಬೆರಳು ಚುರ್ ಎಂದಿತು.

"ಫೇಲ್!" ಎಂದು ಕೂಗಿದ. "ಥೂ, ಹುಟ್ಟಿದಾಗಿಂದ ಬರೇ ಫೇಲ್!"

ಸೆಟ್ಟಿನ ಪ್ಲಗ್ ಕಿತ್ತ. ಎರಡು ನಿಮಿಷದಲ್ಲಿ ಯಾರೋ ಭುಜ ಹಿಡಿದು ಅಲ್ಲಾಡಿಸಿದರು. ಹಿತ್ತಲ ಬಾಗಿಲಿನಿಂದ ನುಗ್ಗಿಬಂದ ಖಲೀಲ್. ಮುಖದ ಬೆವರು ಗಡ್ಡದಿಂದ ತೊಟ್ಟಿಕ್ಕುತ್ತಿತ್ತು.

"ಸಾರ್, ಫೇಲ್ ಅಂದಿದ್ದು ನೀವೇನಾ?"

"ಯಾಕೋ?"

"ಅಯ್ನೋರು ಮೈಕ್‌ನಾಗೆ 'ಮಗೀನ ಹೆಸರು ವಿದ್ಯಾಶ್ರೀ' ಅಂದ್ರು ಸಾರ್. ನನ್ನ ಬಾಕ್ಸು 'ಫೇಲ್, ಹುಟ್ಟಿದಾಗಿಂದ ಫೇಲ್' ಅಂತು. ಅನ್ನಪೂರ್ಣಮ್ಮಾರು ನನ್ನ ಹೂಳಾಕೆ ಜಾಗ ಹುಡುಕ್ತಾ ಅವ್ರೆ!"

ರೇಣುಕಪ್ರಸಾದನಿಗೆ ತಕ್ಷಣ ಅರ್ಥವಾಯಿತು. ತನ್ನ ಪ್ರಸಾರ ಪಕ್ಕದಲ್ಲೇ ಇದ್ದ ಆಂಪ್ಲಿಫೈಯರಿನೊಳಕ್ಕೆ ಹೊಕ್ಕಿದೆ. ಮೈಕಿನ ಉದ್ದನೆಯ ವೈರು ಇನ್ನೊಂದು ಆಂಟೆನಾ ಆಗಿಬಿಟ್ಟಿದೆ. ಅರ್ಥವಾದದ್ದನ್ನು ಹೇಳಿದರೆ ಐದು ಗಂಟೆಯವರೆಗೆ ಸೆಟ್ಟು ಮುಟ್ಟಲು ಯಾರು ಬಿಡುತ್ತಾರೆ?

"ನಿನ್ನ ಡಬ್ಬದ ದೋಷಕ್ಕೆ ನನ್ಯಾಕೆ ಕೇಳ್ತೀಯೋ? ವೈರು ಸರಿ ಮಾಡ್ಕೋ ಹೋಗು."

"ಹದಿನೆಂಟು ವರ್ಸದಾಗೆ ಎಷ್ಟೋ ಮದ್ವಿ ನಡಿಸ್ಕೊಟ್ಟೀನಿ ಸಾರ್. ನನ್ನ ಆಂಪ್ಲಿಫೈಯರ್ ಒಂದು ದಿನ ಯಾರಿಗೂ ಬೈದಿದ್ದಿಲ್ಲ," ಎನ್ನುತ್ತ ಖಲೀಲ್ ಹೊರಟುಹೋದ. ಕಿಟಕಿಯ ಸಂದಿಯಿಂದ ನೋಡಿದರೆ, ಅವನು ಬಿಸಿಲಲ್ಲಿ ಮಂಡಿಯೂರಿ ವೈರುಗಳನ್ನೆಲ್ಲ ಕಿತ್ತು ಮತ್ತೆ ಜೋಡಿಸುತ್ತಿದ್ದ. ನೆತ್ತಿಯ ಮೇಲೆ ಅನ್ನಪೂರ್ಣಮ್ಮನವರ ಬೈಗುಳ ಸುರಿಯುತ್ತಿತ್ತು. ರೇಣುಕಪ್ರಸಾದನ ಆತ್ಮಸಾಕ್ಷಿ ಸೊಳ್ಳೆಯಷ್ಟು ಕಚ್ಚಿತು. ಕೊಡವಿಕೊಂಡ.

ಮೂರನೆಯ ಸಾಲನ್ನು ಎರಡನೆಯದರ ಮೇಲೆ ತಂದು ಕೂರಿಸಿದ. ಇನ್ನೊಮ್ಮೆ ಪ್ರಸಾರ, ಇನ್ನೊಮ್ಮೆ 'ನಿಂತಿದೆ'. ಬೆನ್ನು ಮುಟ್ಟಬೇಕೆನ್ನುವಷ್ಟರಲ್ಲಿ ಚಿಕ್ ಸಾಹೇಬರ ಪ್ರಶ್ನೆ ಪರದೆಯ ಮೇಲೆ ಮೂಡಿತು: 'ಫಲಿತಾಂಶ?'

ಗಡಿಯಾರ ನಾಲ್ಕು ತೋರಿಸುತ್ತಿತ್ತು. 'ಮೋಸ್ಟ್ ರೆಸ್ಪೆಕ್ಟೆಡ್ ಸರ್, ನಲವತ್ತು ಸಲ ಪರೀಕ್ಷಿಸಿದ್ದೇನೆ. ಒಂದೇ ಒಂದು ದೋಷವಿಲ್ಲ' ಎಂದು ಬರೆದು ಕಳಿಸಿದ. ಕಳಿಸಿದ ಮೇಲೆ ಮೈ ಹಗುರಾಯಿತು. ನ್ಯಾಮತಿಯಲ್ಲಿದ್ದ ಇನ್ನೊಬ್ಬ ಹವ್ಯಾಸಿ ಮುತ್ತುರಾಜನಿಗೆ ಫೋನು ಹಚ್ಚಿ, ಅದನ್ನೂ ಹೆಡ್‌ಫೋನಿಗೆ ಸಿಕ್ಕಿಸಿಕೊಂಡು ಕಾಲು ಚಾಚಿದ.

"ಆತು ಕಣೋ ಮುತ್ತು, ಲಿಸ್ಟ್‌ನಾಗೆ ಹೆಸ್ರು ಬಂದಂಗೇ... ಟೆಸ್ಟಾ? ಯಾವನು ಮಾಡ್ತಾನೆ! ನಲವತ್ತು ಸಲ ಅಂತ ಬರ್ದೆ, ಆ ಚಿಕ್ ಮುದುಕ ನಂಬ್ತಾನೆ. ಆ ವಯ್ಯಂಗೆ ಏನು ಗೊತ್ತೈತೆ, ಕುರಿ ಕಾಯಾಕೂ ಬರಲ್ಲ... ಊಟನಾ? ಪಕ್ಕದ ಮನ್ಯಾಗೇ ಐತೆ. ಹೋಗಲ್ಲಪ್ಪ. ಆಯಮ್ಮನ ಹೋಳಿಗೆ ತಿಂದ್ರೆ ಹಲ್ಲು ಉಳಿಯಲ್ಲ, ಹಳೇ ಚಪ್ಪಲಿ ಇದ್ದಂಗಿರ್ತಾವೆ... ಉಡುಗೊರೆ ಕಳ್ಸೀನಿ ಬಿಡು. ನಮ್ಮ ಗೃಹಪ್ರವೇಶಕ್ಕೆ ಆಯಮ್ಮನೇ ಒಂದು ಗೋಡೆ ಗಡಿಯಾರ ಕೊಟ್ಟಿದ್ಲಲ್ಲ, ಕಾಗದ ಬದಲಾಯಿಸಿ ಅದನ್ನೇ ಕೊಟ್ಟೆ!"

ನಗುತ್ತ ನಗುತ್ತ ಮೊಣಕೈಯನ್ನು ಸೆಟ್ಟಿನ ಮೇಲೆ ಊರಿದ. ಮರುಕ್ಷಣ ಕಿರುಚಿಕೊಂಡು ಎದ್ದ. ದೋಸೆ ಹೆಂಚು.

ಹೆಡ್‌ಫೋನ್ ಕಿತ್ತೆಸೆದು ಪ್ಲಗ್ ಎಳೆದ. ಹೊರಗೆ ಪರೀಕ್ಷಾ ಕೊಠಡಿಯ ಮೌನ. ವಾದ್ಯವಿಲ್ಲ, ಮಕ್ಕಳ ಗದ್ದಲವಿಲ್ಲ. ಆಮೇಲೆ ಕಾಂಪೌಂಡಿನ ಗೇಟು ಕಿರ್ರೆಂದಿತು.

ಮುಂದೆ ಅನ್ನಪೂರ್ಣಮ್ಮ, ಕೈಯಲ್ಲಿ ಗಡಿಯಾರ. ಹಿಂದೆ ಶಾಂತಲಾ, ಗಂಡನನ್ನು ಇವತ್ತೇ ಮೊದಲು ನೋಡುತ್ತಿರುವವಳ ಹಾಗೆ. ಅವಳ ಹಿಂದೆ ಮೈಕು ಹಿಡಿದ ಖಲೀಲ್. ಅವನ ಹಿಂದೆ ಎಲೆಯ ಮುಂದಿನಿಂದ ಎದ್ದುಬಂದ ಬೀಗರು ಬಿಜ್ಜರು.

"ಇದು ಸಾಫ್ಟ್‌ವೇರ್ ದೋಷ ಕಣ್ರಿ!" ಎಂದ ರೇಣುಕಪ್ರಸಾದ ಎರಡೂ ಕೈ ಎತ್ತಿ. "ಇಡೀ ಜಗತ್ತಿನಾಗೆ ಐತೆ!"

"ನನ್ನ ಹೋಳಿಗೆ ಚಪ್ಪಲಿ ಅಂದಿದ್ದೂ ಸಾಫ್ಟ್‌ವೇರೇ ಏನಪ್ಪಾ?" ಎಂದರು ಅನ್ನಪೂರ್ಣಮ್ಮ. "ಈ ಗಡಿಯಾರ ನಡ್ಕಂಡು ವಾಪಸ್ ಬಂತಾ?"

ಅಷ್ಟರಲ್ಲಿ ಗುಂಪು ಸರಿಸಿಕೊಂಡು ಒಬ್ಬ ಮುದುಕರು ಒಳಗೆ ಬಂದರು. ಬಿಳಿ ಪಂಚೆ, ಹೆಗಲಲ್ಲಿ ಟವೆಲ್, ಕಂಕುಳಲ್ಲಿ ಬ್ಯಾಗು. ಯಾರನ್ನೂ ಮಾತಾಡಿಸದೆ ಸೀದಾ ಸೆಟ್ಟಿನ ಹತ್ತಿರ ಹೋಗಿ ಅದರ ಬೆನ್ನಿಗೆ ಅಂಗೈ ಇಟ್ಟರು.

"ನಮ್ಮಣ್ಣ, ಬಿಳಿಚೋಡಿನೋನು," ಎಂದರು ಅನ್ನಪೂರ್ಣಮ್ಮ. "ಪೊಲೀಸ್ ವೈರ್‌ಲೆಸ್‌ನಾಗೆ ಇದ್ದು ರಿಟೈರ್ ಆಗ್ಯಾನೆ. ಇಂಥ ಡಬ್ಬ ಅಂದ್ರೆ ಅವ್ನಿಗೆ ಪ್ರಾಣ."

"ಇನ್ನೂ ಸುಡ್ತೈತೆ," ಎಂದರು ಮುದುಕರು. "ನಲವತ್ತು ಸಲ ಟೆಸ್ಟ್ ಮಾಡೀನಿ ಅಂತ ಬರ್ದಿದ್ರಲ್ರೀ?"

"ಅದು... ನಾನು ಬರ್ದಿದ್ದು ಚಿಕ್ ಸಾಹೇಬ್ರಿಗೆ..."

"ಚಿಕ್ಕಹನುಮಂತಪ್ಪ ಅಂತ ಪೂರ್ತಿ ಬರೆದ್ರೆ ಹೊರಗಿನೋರಿಗೆ ನಾಲಿಗೆ ಹೊರಳಲ್ಲ ಅಂತ ಮೋಟು ಮಾಡ್ಕಂಡೀನಿ. ಐದಕ್ಕೆ ಜಗಳೂರು ಕಡೆ ಬಸ್ಸೈತೆ, ಅದಕ್ಕೇ ಜಲ್ದಿ ಮಾಡ್ರಿ ಅಂದಿದ್ದೆ." ಅವರು ಜೇಬಿನಿಂದ ಫೋನು ತೆಗೆದರು. "ಇನ್ನೊಂದು ವಿಷ್ಯ. ಕುರಿ ಕಾಯಾಕೆ ಬರ್ತೈತೆ. ಮನ್ಯಾಗೆ ಅರವತ್ತು ಅದಾವೆ."

ಹಿಮ ಸುರಿಯುವ ದೇಶ, ಪೈಪು, ದೊಡ್ಡ ನಾಯಿ ಎಲ್ಲ ರೇಣುಕಪ್ರಸಾದನ ಕಣ್ಣೆದುರೇ ಕರಗಿ ಹರಿದುಹೋದವು.

ಚಿಕ್ಕಹನುಮಂತಪ್ಪನವರು ಒಂದೇ ಬೆರಳಿನಲ್ಲಿ ಟೈಪು ಮಾಡಿದರು. ಕಂಪ್ಯೂಟರ್ ಟಿಂಗ್ ಎಂದಿತು. 'ತಿರಸ್ಕರಿಸಲಾಗಿದೆ. ಪ್ರಸಾರ ನಿಲ್ಲುತ್ತಿಲ್ಲ. ನೂರ ನಲವತ್ತು ಜನರ ಸಮಕ್ಷಮದಲ್ಲಿ ಪರೀಕ್ಷಿಸಲಾಗಿದೆ.'

"ಸಾರ್, ನನ್ನ ಹೆಸ್ರು?" ಎಂದು ಗೋಗರೆದ ರೇಣುಕಪ್ರಸಾದ. "ಲಿಸ್ಟ್‌ನಾಗೆ ಎಲ್ಲಾದ್ರೂ ಒಂದು ಮೂಲ್ಯಾಗೆ? ಕಾಲೇಜ್‌ನಾಗೆ ಎಲ್ರಿಗೂ ಹೇಳ್ಬಿಟ್ಟೀನಿ."

"ಒಂದು ಹೆಸ್ರು ಸೇರಿಸ್ಬೇಕು, ನಿಜ. ತಪ್ಪು ಎಲ್ಲೈತೆ ಅಂತ ಮೊದ್ಲು ಕಂಡುಹಿಡಿದು ಸರ್ಯಾದ ಮನೀಗೇ ಬಂದು ಹೇಳಿದೋರದ್ದು." ಮುದುಕರು ಕನ್ನಡಕ ತಡಕಿದರು, ಸಿಗಲಿಲ್ಲ. ಫೋನನ್ನು ರೇಣುಕಪ್ರಸಾದನ ಕೈಗಿಟ್ಟರು. "ಲಿಸ್ಟ್‌ನಾಗೆ ಅಕ್ಷರ ಸಣ್ಣವು, ನಂಗೆ ಕಾಣವಲ್ವು. ನೀವೇ ಹೊಡೀರಿ. ಹೂಂ, ನಿನ್ನ ಹೆಸರು ಹೇಳಪ್ಪ."

ಮೈಕು ಹಿಡಿದವನು ಮುಂದೆ ಬಂದ. ಊರೆಲ್ಲ ನೋಡುತ್ತಿದ್ದಂತೆ ರೇಣುಕಪ್ರಸಾದ, ಸುಟ್ಟ ಬೆರಳಿನಲ್ಲಿ, ಆ ಜಾಗತಿಕ ಪಟ್ಟಿಗೆ ಒಂದೊಂದೇ ಇಂಗ್ಲಿಷ್ ಅಕ್ಷರ ಒತ್ತತೊಡಗಿದ. ಖಲೀಲ್ ಅವನ ಭುಜದ ಮೇಲಿಂದ ಬಗ್ಗಿ ನೋಡಿ ವಿನಯದಿಂದ ಹೇಳಿದ:

"ಸಾರ್, ಅಲ್ಲಿ ಎರಡು 'ಇ' ಬರ್ಬೇಕು."