ಜವರಪ್ಪನವರು ಮಾಡದ ಕೊಲೆ

ಎಲ್ಲದಕ್ಕೂ ಮೂಲ ಒಂದು ಮಿಕ್ಸಿ.

ಬೋಗಾದಿಯ ಎಂಟನೇ ಕ್ರಾಸಿನ ಜವರಪ್ಪನವರು ಒಂದು ಕಾಲೇಜಿನ ಲೈಬ್ರರಿಯಲ್ಲಿ ಸಹಾಯಕರು. ಜೋರಾಗಿ ಸೀನಿದರೆ ಎಲ್ಲಿ ಪ್ರಿನ್ಸಿಪಾಲರಿಗೆ ಕೇಳಿಸೀತೋ ಎಂದು ಕರ್ಚೀಫಿನೊಳಗೇ ಸೀನಿ ಮುಗಿಸುವ ಪ್ರಾಣಿ. ಕಳೆದ ಆಷಾಢದಲ್ಲಿ, ಎದುರುಮನೆಯ ಮಹಡಿಯಲ್ಲಿ ಬಾಡಿಗೆಗಿರುವ ಸಿದ್ದೇಶ ಇವರನ್ನು ಗೇಟಿನ ಹತ್ತಿರ ಹಿಡಿದು ನಿಲ್ಲಿಸಿದ. "ಅಂಕಲ್, ನಮ್ಮ ಕಂಪನೀಲಿ ಒಂದು ವಿಡಿಯೊ ಗೇಮ್ ಮಾಡ್ತಿದೀವಿ. ಮಾಮೂಲಿ ಮುಖದೋರು ಬೇಕು. ನಿಮ್ಮಷ್ಟು ಮಾಮೂಲಿ ಮುಖ ನಾನು ಎಲ್ಲೂ ನೋಡಿಲ್ಲ" ಎಂದ.

ಇದನ್ನು ಹೊಗಳಿಕೆ ಎಂದೇ ತಿಳಿದು ಜವರಪ್ಪನವರು ಒಂದು ಭಾನುವಾರ ಹೋದರು. ಮೊದಲು ಅವರು ಉಟ್ಟುಬಂದ ಬಟ್ಟೆಯಲ್ಲೇ ಸುತ್ತಲಿಂದ ಫೋಟೊ ತೆಗೆದರು. ಆಮೇಲೆ ಮೈಗಂಟುವ ಕರಿ ಉಡುಪು ತೊಡಿಸಿ, ಅದರ ಮೇಲೆಲ್ಲ ಬಿಳಿ ಗುಂಡಿ ಅಂಟಿಸಿ, ನಡೆಸಿದರು, ಓಡಿಸಿದರು, ಎಡವಿಸಿದರು. ಕೊನೆಗೆ ಮೆತ್ತನೆ ಕುರ್ಚಿಯಲ್ಲಿ ಕೂರಿಸಿ, ತಲೆಗೆ ಒಂದು ಪಟ್ಟಿ ಕಟ್ಟಿ, ಸಂಜೆಯವರೆಗೆ ಪ್ರಶ್ನೆ ಕೇಳಿದರು. ಯಾವುದಕ್ಕೆ ನಗು ಬರುತ್ತೆ, ಯಾವುದಕ್ಕೆ ಹೊಟ್ಟೆ ಉರಿಯುತ್ತೆ, ಯಾರನ್ನು ಕಂಡರೆ ಏನನ್ನಿಸುತ್ತೆ, ಇಂಥವೇ. ಹೊರಡುವಾಗ ಕೈಗೊಂದು ಮಿಕ್ಸಿ ಕೊಟ್ಟು, ಆಟ ಬಿಡುಗಡೆಯಾಗುವ ತನಕ ಯಾರ ಮುಂದೆಯೂ ಬಾಯಿ ಬಿಡುವಂತಿಲ್ಲ, ಬಿಟ್ಟರೆ ಕೋರ್ಟಿಗೆ ಎಳೆಯುತ್ತೇವೆ ಎಂಬ ಕಾಗದಕ್ಕೆ ಸಹಿ ಹಾಕಿಸಿಕೊಂಡರು. ಕಾಲೇಜಿನಲ್ಲಿ ಚೀಟಿ ಎತ್ತಿದಾಗ ಬಂತು ಎಂದು ಹೆಂಡತಿ ಸಾಕಮ್ಮನವರ ಮುಂದೆ ಸುಳ್ಳು ಹೇಳಿ ಜವರಪ್ಪನವರು ಮಿಕ್ಸಿಯನ್ನು ಮನೆಯೊಳಗೆ ಸೇರಿಸಿದರು. ಆ ಕರಿ ಉಡುಪಿನ ಸಂಗತಿಯನ್ನು ಹೆಂಡತಿಗೆ ಹೇಳುವ ಧೈರ್ಯವಾದರೂ ಯಾವ ಗಂಡಸಿಗಿದೆ, ಹೇಳಿ!

ಇದೆಲ್ಲ ಮರೆತೇಹೋಗಿ, ಮೈಸೂರು ಮಂಕಿ ಕ್ಯಾಪು ಹಾಕಿಕೊಳ್ಳುವ ಚಳಿಗಾಲ ಬಂದಿತ್ತು. ಒಂದು ಬೆಳಿಗ್ಗೆ ಜವರಪ್ಪನವರು ಎಂದಿನಂತೆ ಹಾಲಿನ ಪ್ಯಾಕೆಟ್ ಹಿಡಿದು ಬಂದರು. ಎದುರುಮನೆಯ ಕುಮಾರಸ್ವಾಮಿಯವರ ಕಾರು ಎಂದಿನಂತೆ ಇವರ ಗೇಟಿಗೆ ಅಡ್ಡ ನಿಂತಿತ್ತು. ಸರ್ಕಾರಿ ಕೆಲಸದಿಂದ ನಿವೃತ್ತರಾದ ಕುಮಾರಸ್ವಾಮಿಯವರು ಕ್ರಾಸಿನ ವಾಟ್ಸಾಪ್ ಗುಂಪಿಗೆ ಅಡ್ಮಿನ್. ತಮ್ಮ ಗೇಟಿನ ಮುಂದೆ ತುಳಸಿಕುಂಡ ಇಟ್ಟು, ಕಾರನ್ನು ಪರರ ಗೇಟಿನ ಮುಂದೆ ನಿಲ್ಲಿಸುವ ಮಹಾನುಭಾವರು. ವರ್ಷಗಟ್ಟಲೆಯಿಂದ ಜವರಪ್ಪನವರು ಹೊಟ್ಟೆ ಒಳಕ್ಕೆಳೆದುಕೊಂಡು ಅಡ್ಡಡ್ಡಲಾಗಿ ನುಸುಳಿ, "ಪರವಾಗಿಲ್ಲ ಸಾರ್, ಇರ್ಲಿ ಸಾರ್" ಎನ್ನುತ್ತ ಒಳಗೆ ಹೋಗುತ್ತಿದ್ದರು.

ಆದರೆ ಅಂದು ಕುಮಾರಸ್ವಾಮಿಯವರು ಇವರನ್ನು ನೋಡಿದ್ದೇ ಕಾರು ಒರೆಸುತ್ತಿದ್ದ ಬಟ್ಟೆ ಬಿಸುಟು ಮನೆಯೊಳಗೆ ಓಡಿ ಬಾಗಿಲು ಹಾಕಿಕೊಂಡರು. ರಂಗೋಲಿ ಬಿಡುತ್ತಿದ್ದ ಅವರ ಹೆಂಡತಿ ಮಂಜುಶ್ರೀ ಪಾಪ ಹೊರಗೇ ಉಳಿದರು. "ರೀ, ನಾನು ಹೊರಗಿದೀನಿ ಕಣ್ರೀ!" ಎಂದು ಬಾಗಿಲು ಬಡಿದರೂ ಅದು ತೆರೆಯಲಿಲ್ಲ.

ಅಷ್ಟರಲ್ಲಿ ಜವರಪ್ಪನವರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಎಲ್ಲಿಂದಲೋ ತಮಗೆ ಬಂದಿದ್ದ ಒಂದು ವಿಡಿಯೊವನ್ನು ಕುಮಾರಸ್ವಾಮಿಯವರು ಗುಂಪಿಗೆ ಹಾಕಿದ್ದರು.

ನೋಡಿದರೆ ಇದೇ ಎಂಟನೇ ಕ್ರಾಸು. ಇದೇ ಹೊಂಗೆಮರ, ಇದೇ ಟ್ರಾನ್ಸ್‌ಫಾರ್ಮರು, ಇದೇ ಮಂಜು. ಮೂಲೆಯಲ್ಲಿ ನಿನ್ನೆಯ ತಾರೀಖು. ಕೈಯಲ್ಲಿ ಹಾಲಿನ ಪ್ಯಾಕೆಟ್ ಹಿಡಿದ ಒಬ್ಬ ಮನುಷ್ಯ ಎಡಗಾಲು ಸ್ವಲ್ಪ ಎಳೆಯುತ್ತ ಬಂದ. ಎಳನೀರು ಗಾಡಿಯ ಹತ್ತಿರ ನಿಂತು, ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಗಾಡಿಯ ಮೇಲಿದ್ದ ಮಚ್ಚು ಕೈಗೆತ್ತಿಕೊಂಡ. ಮುಂದೆ ಮಂಕಿ ಕ್ಯಾಪು ಹಾಕಿ, ಶಾಲು ಹೊದ್ದು ಯಾರೋ ಹೋಗುತ್ತಿದ್ದರು. ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಒಂದೇ ಏಟು. ಆಮೇಲೆ ಕೊಲೆಗಾರ ಕ್ಯಾಮೆರಾದ ಕಡೆ ತಿರುಗಿದ. ಜವರಪ್ಪ!

ಕೆನ್ನೆಯ ಮೇಲಿನ ನರೂಲಿ, ಬೆಳಿಗ್ಗೆ ಕ್ಷೌರ ಮಾಡುವಾಗ ಯಾವಾಗಲೂ ಉಳಿದುಬಿಡುವ ಗಲ್ಲದ ನಾಲ್ಕು ಕೂದಲು, ಹಣೆಯ ಬೆವರು, ಒಂದೂ ಬಿಟ್ಟಿರಲಿಲ್ಲ. ಇದು ಆ ಆಟವಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಅವರ ಪಾಲಿಗೆ ವಿಡಿಯೊ ಗೇಮೆಂದರೆ ಹರೆಯದಲ್ಲಿ ದಸರಾ ವಸ್ತುಪ್ರದರ್ಶನದಲ್ಲಿ ನೋಡಿದ್ದು. ಚೌಕ ತಲೆಯ ಬೊಂಬೆಯೊಂದು ಟಿಂಗ್ ಟಿಂಗ್ ಎಂದು ನೆಗೆದು ಗೋಡೆಗೆ ಡಿಕ್ಕಿ ಹೊಡೆಯುತ್ತಿತ್ತು. ಅದಕ್ಕೆ ಮೂಗೇ ಇರಲಿಲ್ಲ, ನರೂಲಿಯೆಲ್ಲಿಂದ ಬಂತು?

ಒಳಗೆ ಬಂದರೆ ಸಾಕಮ್ಮನವರೂ ಅದನ್ನೇ ನೋಡುತ್ತ ನಿಂತಿದ್ದರು.

"ಇದು ನೀವೇ ಕಣ್ರೀ."

"ನಾನಲ್ಲ ಕಣೇ! ನಿನ್ನಾಣೆ!"

"ಕಾಲು ಎಳ್ಕೊಂಡು ನಡಿಯೋದು ನಂಗೊತ್ತಿಲ್ವಾ? ನೀವಲ್ದೆ ಇನ್ಯಾರು?"

ಜವರಪ್ಪನವರು ಇನ್ನೊಂದು ಸಲ ನೋಡಿದರು. "ನಾನೇ ಅನ್ಸುತ್ತೆ ಕಣೇ" ಎಂದು ಕುಸಿದು ಕುಳಿತರು. ನಿದ್ದೆಯಲ್ಲಿ ಎದ್ದುಹೋಗಿ ಮಾಡಿರಬಹುದೇ? ನಿನ್ನೆ ಬೆಳಿಗ್ಗೆ ಏನು ಮಾಡಿದೆ? ಹಾಲು ತಂದೆ. ವಿಡಿಯೊದಲ್ಲೂ ಇವನು ಹಾಲೇ ತರುತ್ತಿದ್ದಾನಲ್ಲ! ಅವರಿಗೆ ತಮ್ಮ ಕೈಗಳನ್ನೇ ನೋಡಲು ಭಯವಾಗಿ, ಎರಡನ್ನೂ ಕಂಕುಳಲ್ಲಿ ಬಚ್ಚಿಟ್ಟುಕೊಂಡರು.

ಗುಂಪಿನಲ್ಲಿ ಅಡ್ಮಿನ್ನರ ಅಪ್ಪಣೆ ಬಂತು: "ಎಲ್ಲರೂ ಗೇಟು ಹಾಕಿಕೊಳ್ಳಿ. ಕೊಲೆಗಾರ ಹಾಲು ತಂದು ಮನೆಯೊಳಗಿದ್ದಾನೆ." ಕೆಳಗೆ ಕೈಮುಗಿದ ಚಿತ್ರ. ಅದರ ಕೆಳಗೆ ಇಪ್ಪತ್ತು ಮನೆಯವರು ಹೆಬ್ಬೆರಳೆತ್ತಿದ್ದರು. ಸ್ವಲ್ಪ ಹೊತ್ತಿಗೆ ಕುಮಾರಸ್ವಾಮಿಯವರೇ ಮಹಡಿಯ ಮೇಲೆ ನಿಂತು ಕೂಗಿದರು.

"ಜವರಪ್ಪನವರೇ, ಪೊಲೀಸ್ನೋರಿಗೆ ಹೇಳಿದೀನಿ. ತೆಪ್ಪಗೆ ಒಪ್ಕಂಬುಡಿ. ಹೆಣ ಎಲ್ಲಿಟ್ಟಿದೀರಿ?"

"ನಂಗೊತ್ತಿಲ್ಲ ಸಾರ್!"

"ನಮ್ಮ ಕಾಂಪೌಂಡ್ ಕಡೆ ಇದ್ರೆ ಮೊದಲು ತೆಗ್ಸಿಬುಡಿ. ನಾಳೆ ನಮ್ಮನೇಲಿ ಪೂಜೆ ಇದೆ."

"ಆಗ್ಲಿ ಸಾರ್" ಎಂದುಬಿಟ್ಟರು ಜವರಪ್ಪನವರು, ಅಭ್ಯಾಸಬಲದಿಂದ. ಇಡೀ ಕ್ರಾಸು ಕೇಳಿಸಿಕೊಂಡಿತು. ತಪ್ಪೊಪ್ಪಿಗೆ ಎಂದು ಗುಂಪಿನಲ್ಲಿ ಅದೂ ಬಂತು.

ದೂರದಲ್ಲಿ ಜೀಪಿನ ಸದ್ದು ಕೇಳಿದ್ದೇ ತಡ, ಜವರಪ್ಪನವರ ತಲೆಯಲ್ಲಿ ಉಳಿದದ್ದು ಒಂದೇ ಪದ: ಲಾಕಪ್. ಕತ್ತಲೆ, ಕಬ್ಬಿಣದ ಸರಳು, ಒಳಗೆ ಯಾರ್ಯಾರೋ. ಹಿತ್ತಿಲ ಬಾಗಿಲು ತೆಗೆದು ಓಡಿದರು. ಹುಟ್ಟಿದಾಗಿನಿಂದ ಹತ್ತದ ಗೋಡೆ ಹತ್ತಿ ಆಚೆ ಧುಮುಕಿದರು. ಆಚೆ ಕಡೆ ಹೊಸ ಮನೆ ಕಟ್ಟುತ್ತಿದ್ದರು. ಗಾರೆ ನೆಲಕ್ಕೆ ಹಾಕಲು ಬಿಚ್ಚಿಟ್ಟಿದ್ದ ಕೆಂಪು ಬಣ್ಣದ ಪುಡಿಯ ಮೂಟೆಯ ಮೇಲೇ ಬಿದ್ದರು. ಪಕ್ಕದಲ್ಲೇ ನೀರಿನ ತೊಟ್ಟಿ ಇತ್ತು. ಏಳಲು ಹೋಗಿ ಅದರೊಳಗೂ ಒಮ್ಮೆ ಬಿದ್ದು ಎದ್ದು, ದಿಕ್ಕು ತಪ್ಪಿ ಸುತ್ತಿ ಮತ್ತೆ ತಮ್ಮ ಬೀದಿಗೇ ಬಂದರು.

ಸಬ್ ಇನ್ಸ್‌ಪೆಕ್ಟರ್ ಪ್ರಸಾದ್ ಜೀಪಿನಿಂದ ಇಳಿಯುವುದಕ್ಕೂ, ತಲೆಯಿಂದ ಪಾದದವರೆಗೆ ಕೆಂಪು ತೊಟ್ಟಿಕ್ಕಿಸುತ್ತ ಒಬ್ಬ ಮನುಷ್ಯ ಎದುರಿಗೆ ಬಂದು "ನಾನೇನೂ ಮಾಡಿಲ್ಲ ಸಾರ್" ಎಂದು ಕೈಮುಗಿಯುವುದಕ್ಕೂ ಸರಿಹೋಯಿತು. ಜೊತೆಯಲ್ಲಿದ್ದ ಕಾನ್‌ಸ್ಟೇಬಲ್ ಮತ್ತೆ ಜೀಪು ಹತ್ತಿಬಿಟ್ಟ.

ಠಾಣೆಯಲ್ಲಿ ಮೈ ತೊಳೆಸಿ, ಬೆಂಚಿನ ಮೇಲೆ ಕೂರಿಸಿದರು. ಎದುರಿಗೇ ಲಾಕಪ್ಪು. ಫಿನಾಯಿಲ್ ವಾಸನೆಯ ಹಿಂದೆ ಇನ್ನೇನೋ ವಾಸನೆ. ಒಳಗೊಬ್ಬ ದಾಂಡಿಗ ಮಲಗಿದ್ದವನು ಕಣ್ಣು ಬಿಟ್ಟು ಇವರನ್ನು ನೋಡಿ, ಪಕ್ಕಕ್ಕೆ ಸರಿದು ಜಾಗ ಮಾಡಿದ. ಜವರಪ್ಪನವರಿಗೆ ಅಳುವೇ ಬಂದುಬಿಟ್ಟಿತು.

"ಸಾರ್, ಏನು ಬೇಕಾದ್ರೂ ಮಾಡಿ. ಅದರೊಳಗೆ ಮಾತ್ರ ಹಾಕ್ಬೇಡಿ ಸಾರ್. ನಿಮ್ಮ ದಮ್ಮಯ್ಯ."

"ಹೆಣ ತೋರ್ಸಿ, ಆಮೇಲೆ ಮಾತಾಡೋಣ."

"ನಂಗೂ ಅದೇ ಯೋಚ್ನೆ ಸಾರ್. ಸಿಕ್ಕಿದ್ರೆ ದಯವಿಟ್ಟು ನಂಗೂ ತೋರ್ಸಿ."

ಮಧ್ಯಾಹ್ನದ ಹೊತ್ತಿಗೆ ಸಾಕಮ್ಮನವರು ಆಟೊದಲ್ಲಿ ಬಂದರು. ಒಂದು ಕೈಯಲ್ಲಿ ಮುದ್ದೆ, ಉಪ್ಸಾರಿನ ಡಬ್ಬಿ. ಇನ್ನೊಂದರಲ್ಲಿ ಒದ್ದೆ ನೆಲ ಒರೆಸುವ ಬಟ್ಟೆ. ಪುಣ್ಯಾತ್ಗಿತ್ತಿ ಬೆಳಗಿನಿಂದ ಆ ವಿಡಿಯೊವನ್ನೇ ತಿರುಗಿಸಿ ತಿರುಗಿಸಿ ನೋಡುತ್ತ ಕೂತಿದ್ದರು.

"ನೋಡಿ ಸ್ವಾಮಿ, ವಿಡಿಯೊದಲ್ಲಿ ಇವರು ಹಾಕಿರೋದು ಇದೇ ಗೀರಿನ ಅಂಗಿ. ಇದನ್ನ ನಾನು ದೀಪಾವಳಿಗೇ ಹರಿದು ನೆಲ ಒರೆಸೋಕೆ ಮಾಡ್ಕೊಂಡೆ. ನಿನ್ನೆ ಬೆಳಿಗ್ಗೆ ಇದು ನಮ್ಮನೆ ಬಕೆಟ್ಟಲ್ಲಿತ್ತು. ನನ್ನ ಗಂಡ ನೆಲ ಒರೆಸೋ ಬಟ್ಟೆ ತೊಟ್ಕೊಂಡು ಕೊಲೆ ಮಾಡಕ್ಕೋಗ್ತಾರಾ?" ಎಂದರು. ಆಮೇಲೆ ಗಂಡನ ಕಡೆ ತಿರುಗಿ, "ನೀವೊಂದು ಇರುವೆ ತುಳಿದೋರಲ್ಲ. ನಾನಿದೀನಿ, ಎದ್ರುಕೋಬೇಡಿ" ಎಂದು ಡಬ್ಬಿ ಬಿಚ್ಚಿದರು.

ಆ ಅಂಗಿ ನೋಡಿದ್ದೇ ಜವರಪ್ಪನವರಿಗೆ ಭಾನುವಾರದ ಫೋಟೊ ನೆನಪಾಯಿತು. ಕೋರ್ಟಾದರೂ ಸರಿ, ಲಾಕಪ್ಪು ಬೇಡ ಎಂದು ಎಲ್ಲವನ್ನೂ ಉಸುರಿಬಿಟ್ಟರು, ಕರಿ ಉಡುಪಿನ ಸಮೇತ.

ಪ್ರಸಾದ್ ನಂಬಲಿಲ್ಲ. ಆದರೂ ಜೀಪು ರಿಂಗ್ ರಸ್ತೆಯ ಪಕ್ಕದ ಆ ಕಂಪನಿಗೆ ಹೊರಟಿತು. ಸಾಕಮ್ಮನವರ ಆಟೊ ಹಿಂದೆ ಬಂತು. ಅದರ ಹಿಂದೆ ದೂರುದಾರರಾಗಿ ಕುಮಾರಸ್ವಾಮಿ ದಂಪತಿಗಳ ಕಾರು.

ಸಿದ್ದೇಶ ವಿಡಿಯೊ ನೋಡಿ ತಲೆ ಚಚ್ಚಿಕೊಂಡ. "ಅಯ್ಯೋ, ಇದು ನಮ್ಮ ಗೇಮು ಸಾರ್! ನಿನ್ನೆ ಟೆಸ್ಟ್ ಮಾಡಿದ ಹುಡುಗ್ರು ಯಾರೋ ಹೊರಗೆ ಬಿಟ್ಟಿದಾರೆ" ಎಂದು ಗೋಡೆಯಗಲದ ಪರದೆಯ ಮೇಲೆ ಅದನ್ನೇ ಹಾಕಿದ. ಮಂಜು ಕವಿದ ಎಂಟನೇ ಕ್ರಾಸು ಎದ್ದು ನಿಂತಿತು. ಪ್ರಸಾದ್ ಹತ್ತಿರ ಹೋಗಿ ಹೊಂಗೆ ಎಲೆಯೊಂದನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಗಾಜು ತಗುಲಿತು.

"ಸರಿ ಬುಡಿ, ಕೊಲೆಯಾಗಿಲ್ಲ" ಎಂದರು. ಜವರಪ್ಪನವರು ಬೆಳಗಿನಿಂದ ಹಿಡಿದಿಟ್ಟಿದ್ದ ಉಸಿರನ್ನು ಬಿಟ್ಟರು. ಸಾಕಮ್ಮನವರು ಚಾಮುಂಡಿಬೆಟ್ಟದ ದಿಕ್ಕಿಗೆ ಕೈಮುಗಿದರು.

ಕುಮಾರಸ್ವಾಮಿಯವರಿಗೆ ಮಾತ್ರ ಸಮಾಧಾನವಿಲ್ಲ. "ಸತ್ತೋನು ಯಾರು? ಅದನ್ನೂ ತೋರ್ಸಿ" ಎಂದರು. ಸಿದ್ದೇಶ ದೃಶ್ಯವನ್ನು ಆ ಬದಿಯಿಂದ ತಿರುಗಿಸಿದ. ಮಂಕಿ ಕ್ಯಾಪಿನೊಳಗೆ, ಕಣ್ಣು ಮೇಲಾಗಿ ಬಿದ್ದಿದ್ದವರು ಸಾಕ್ಷಾತ್ ಕುಮಾರಸ್ವಾಮಿ! ತಮ್ಮ ಬೆನ್ನು ತಮಗೆ ಗುರುತಿಲ್ಲದೆ ಅವರು ಬೆಳಗಿನಿಂದ ತಮ್ಮ ಕೊಲೆಗೇ ದೂರು ಕೊಟ್ಟು ಓಡಾಡುತ್ತಿದ್ದರು.

"ನೀವೂ ಮುಖ ಕೊಟ್ಟಿದ್ರಾ?" ಎಂದರು ಪ್ರಸಾದ್.

"ಮಿಕ್ಸಿ ಕೊಡ್ತೀವಿ ಅಂದ್ರು..." ಕುಮಾರಸ್ವಾಮಿಯವರ ಮುಖ ಹುಳ್ಳಗಾಯಿತು.

"ನಂಗೂ ಅಂಗೇ ಅಂದ್ರು. ಅದಕ್ಕೇ ಮನೇಲಿ ಎರಡು ಮಿಕ್ಸಿ!" ಎಂದು ಮಂಜುಶ್ರೀ ಬಾಯಿ ಮೇಲೆ ಕೈಯಿಟ್ಟುಕೊಂಡರು.

"ಅಲ್ಲಯ್ಯ ಸಿದ್ದೇಶ, ನನ್ನ ಕೊಲ್ಲು ಅಂತ ಇವರಿಗೆ ಬರ್ಕೊಟ್ಟೋರು ಯಾರು?"

"ಯಾರೂ ಬರೆದಿಲ್ಲ ಅಂಕಲ್. ದಿನಾ ಹಾಲು ತರೋ ಮನುಷ್ಯ ಅಂತ ಅಷ್ಟೇ ನಾವು ಬರೆದಿದ್ದು. ಮಚ್ಚು ಎಳನೀರು ಕೊಚ್ಚೋಕೆ ಇಟ್ಟಿದ್ದು. ಮಿಕ್ಕಿದ್ದೆಲ್ಲ ಜವರಪ್ಪ ಅಂಕಲ್ಲೇ ಮಾಡ್ಕೊಂಡಿರೋದು!" ಹುಡುಗನಿಗೆ ಉತ್ಸಾಹ ತಡೆಯಲಾಗಲಿಲ್ಲ. "ಮೊದಲೆಲ್ಲ ಗೇಮಲ್ಲಿ ಮನುಷ್ಯ ಅಂದ್ರೆ ನಾಲ್ಕು ಚೌಕ ಸಾರ್. ಆಮೇಲೆ ಮುಖ ಬಂತು, ನೆರಳು ಬಂತು, ಬೆವರು ಬಂತು. ಈಗ ನಾವು ಒಳಗಿನ ಮನಸ್ಸನ್ನೂ ತುಂಬ್ತಿದೀವಿ. ಅದಕ್ಕೇ ಅಷ್ಟು ಪ್ರಶ್ನೆ ಕೇಳಿದ್ದು, ತಲೆಗೆ ಪಟ್ಟಿ ಕಟ್ಟಿದ್ದು. ಬಾಯಲ್ಲಿ ಏನಂದ್ರು ಅನ್ನೋದಲ್ಲ, ಅನ್ನುವಾಗ ಒಳಗೆ ಏನಾಯ್ತು ಅನ್ನೋದು ಮುಖ್ಯ. ಇನ್ನು ಮುಂದೆ ಯಾರನ್ನೂ ಕರೆಸೋದೇ ಬೇಡ. ಬೀದೀಲಿ ನಡೆದು ಹೋಗೋನ್ನ ನೋಡಿ, ನಾಳೆ ಇವನೇನು ಮಾಡ್ತಾನೆ ಅಂತ ಗೇಮೇ ಹೇಳ್ಬುಡುತ್ತೆ."

ಕುಮಾರಸ್ವಾಮಿಯವರು ಜವರಪ್ಪನವರಿಂದ ನಾಲ್ಕು ಹೆಜ್ಜೆ ದೂರ ಸರಿದು, "ಆ ಕಾರು ಇವತ್ತೇ ತೆಗೀತೀನಿ ಕಣ್ರೀ" ಎಂದರು.

"ಮನಸ್ಸಲ್ಲಿ ಮಾಡಿದ ಕೊಲೆಗೆಲ್ಲ ಕೇಸ್ ಹಾಕೋಕಾಗಲ್ಲ. ಹಾಕಿದ್ರೆ ಮೊದಲು ನನ್ನ ಹೆಂಡ್ತೀನೇ ಒಳಗೆ ಹಾಕ್ಬೇಕು" ಎಂದು ಪ್ರಸಾದ್ ಟೋಪಿ ಎತ್ತಿಕೊಂಡರು.

ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಸಾಕಮ್ಮನವರಿಗೆ ಒಂದು ಆಸೆ. "ಅಲ್ಲಪ್ಪ, ಅದಾದಮೇಲೆ ಇವರು ಹಾಲು ತಗೊಂಡು ಎಲ್ಲಿಗೋದ್ರು? ಮನೆಗೆ ಬಂದಿರ್ತಾರೆ. ನಮ್ಮನೆ ಎಂಗ್ ಮಾಡಿದೀಯ, ತೋರ್ಸು" ಎಂದರು.

ಜವರಪ್ಪನವರು ಥಟ್ಟನೆ ಪರದೆಗೆ ಅಡ್ಡ ಬಂದು ನಿಂತರು. ಯಾಕೆಂದು ಅವರಿಗೇ ಗೊತ್ತಾಗಲಿಲ್ಲ. "ಬೇಡ ಕಣೇ, ಹೊತ್ತಾಯ್ತು" ಎಂದರು. ಸಿದ್ದೇಶ ಆಗಲೇ ಗುಂಡಿ ಒತ್ತಿದ್ದ.

ಪರದೆಯ ಮೇಲಿನ ಜವರಪ್ಪ ಮಚ್ಚನ್ನು ಗಾಡಿಯ ಮೇಲಿಟ್ಟ. ಹಾಲಿನ ಪ್ಯಾಕೆಟ್ ಎತ್ತಿಕೊಂಡು ನಡೆದ. ತನ್ನ ಮನೆಯ ಗೇಟಿನ ಹತ್ತಿರ ಬಂದ. ಅದನ್ನು ದಾಟಿ, ರಸ್ತೆಯ ಆ ಬದಿಗೆ ಹೋಗಿ, ಎದುರುಮನೆಯ ಗೇಟನ್ನು ದಿನಾ ತೆಗೆಯುವವನಂತೆ ತೆಗೆದ. ಬಾಗಿಲು ತೆರೆಯಿತು. ತಲೆತುಂಬ ಮಲ್ಲಿಗೆ ಮುಡಿದ ಮಂಜುಶ್ರೀ ನಿಂತಿದ್ದರು. "ಇಷ್ಟೊತ್ತಾ? ಬನ್ನಿ, ಕಾಫಿಗೆ ನೀರಿಟ್ಟಿದೀನಿ" ಎಂದರು. ಪರದೆಯ ಜವರಪ್ಪ ನಕ್ಕ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಸಾಕಮ್ಮನವರು ಕಂಡಿರದ ನಗು.

"ಅಬ್ಬಾ! ಈ ನಗು ನಾವು ಹಾಕಿದ್ದಲ್ಲ ಸಾರ್!" ಎಂದು ಸಿದ್ದೇಶ ಕುಣಿದ. "ಸಾಕಮ್ಮ ಆಂಟಿ ಮುಖ ನಮ್ಮ ಹತ್ರ ಇರಲಿಲ್ಲ ನೋಡಿ, ಸಂಸಾರಾನೂ ಅವರೇ ಹುಡುಕ್ಕೊಂಡಿದಾರೆ!"

ನಿಜದ ಮಂಜುಶ್ರೀ ಸೆರಗು ಸರಿಮಾಡಿಕೊಂಡರು. ಸಾಕಮ್ಮನವರು ಊಟದ ಡಬ್ಬಿಯ ಮುಚ್ಚಳವನ್ನು ನಿಧಾನವಾಗಿ ಒತ್ತಿ ಮುಚ್ಚಿ, ಗಂಡನ ಕಡೆ ನೋಡದೆ, "ಮನೆಗೆ ನಡೀರಿ" ಎಂದು ಹೊರಗೆ ಹೋದರು. ಕೂಗಲಿಲ್ಲ, ಬೈಯಲಿಲ್ಲ.

ಜವರಪ್ಪನವರು ಪ್ರಸಾದರ ಹಿಂದೆ ಓಡಿ ಜೀಪಿನ ಬಾಗಿಲು ಹಿಡಿದುಕೊಂಡರು.

"ಸಾರ್, ನನ್ನನ್ನ ಲಾಕಪ್ಪಿಗೆ ಹಾಕಿ ಸಾರ್! ಒಳಗಿರೋನು ಜಾಗಾನೂ ಬಿಟ್ಟಿದಾನೆ. ಇವತ್ತೊಂದಿನ ಸಾರ್, ನಿಮ್ಮ ದಮ್ಮಯ್ಯ!"

"ಯಾವ ಕೇಸಲ್ಲಿ ಹಾಕ್ಲಿ ಸ್ವಾಮಿ? ನೀವೇನೂ ಮಾಡಿಲ್ವಲ್ಲ" ಎಂದು ಪ್ರಸಾದ್ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಜೀಪು ಹೊರಟುಹೋಯಿತು.

ಆಟೊದೊಳಗೆ ಸಾಕಮ್ಮನವರು ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಬನ್ನಿ," ಎಂದರು.